ಗೂಡಿಗೆ ಕೈ ಬೇಡ, ಕಣ್ಣು ಸಾಕು



ಈ ಸಲ ಗೋಡೆ ಪತ್ರಿಕೆಗೆ ವಿಜ್ಞಾನದ ಲೇಖನ ಬರೆಯುವ ಪಾಳಿ ನನ್ನದು. ಪಾಠಪುಸ್ತಕದಿಂದ ಒಂದು ವಿಷಯ ತೆಗೆದು ಬರೆದರೆ ಬೇಗ ಮುಗಿಯುತ್ತಿತ್ತು. ಆದರೆ ನಮ್ಮ ವಿಜ್ಞಾನ ಗುರುಗಳು, "ನೀ ಕಣ್ಣಾರೆ ನೋಡಿದ್ದನ್ನ ಬರಿ. ತಪ್ಪು ಮಾಡಿದ್ದರ ಅದನ್ನೂ ಬರಿ" ಎಂದರು. ಆದ್ದರಿಂದ ಮಾಳಮಡ್ಡಿಯಲ್ಲಿರುವ ನಮ್ಮ ಅಜ್ಜಿ ಮನೆಯ ಹಿತ್ತಲದ ಒಂದು ಗೂಡಿನ ವಿಷಯ ಬರೆಯುತ್ತಿದ್ದೇನೆ. ಆ ಗೂಡನ್ನು ನಾನು ನಮ್ಮೂರಲ್ಲೇ ಕುಳಿತು, ಅಪ್ಪನ ಮೊಬೈಲಿನಲ್ಲಿ, ಸುಮಾರು ಒಂದು ತಿಂಗಳು ನೋಡಿದೆ. ಹೇಗೆ ನೋಡಿದೆ, ಯಾಕೆ ಹಾಗೆ ದೂರದಿಂದ ನೋಡಬೇಕಾಯಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಹೋದ ವರ್ಷ ಮಾಡಿದ ತಪ್ಪು

ಮಾಳಮಡ್ಡಿ ಧಾರವಾಡದ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಬಡಾವಣೆ. ಅಜ್ಜಿ ಮನೆ ಹಳೇ ಹಂಚಿನ ಮನೆ. ಹಿತ್ತಲದಲ್ಲಿ ಒಂದು ಪೇರಲ ಗಿಡ, ಎರಡು ದಾಸವಾಳ, ಗೋಡೆಗುಂಟ ಹಬ್ಬಿದ ಮಲ್ಲಿಗೆ ಬಳ್ಳಿ ಇವೆ. 2024ರ ಫೆಬ್ರವರಿಯಲ್ಲಿ ದಾಸವಾಳ ಗಿಡದಾಗ ಒಂದು ಗೂಡು ಕಂಡೆ. ಒಂದು ಹಿಡಿ ಗಾತ್ರದ ಬಟ್ಟಲಿನ ಹಾಗಿತ್ತು. ಒಳಗೆ ಎರಡು ಮೊಟ್ಟೆ.

ನನಗೆ ತಡಕೊಳ್ಳೋದು ಆಗಲಿಲ್ಲ. ದಿನಾ ನಾಲ್ಕೈದು ಸಲ ಹೋಗಿ ಟೊಂಗೆ ಸರಿಸಿ ನೋಡಿದೆ. ಸರಿಯಾಗಿ ಕಾಣಲೆಂದು ಅಡ್ಡ ಇದ್ದ ಎಲೆ ಹರಿದೆ. ಒಂದು ಮೊಟ್ಟೆ ಎತ್ತಿ ಅಂಗೈಯಲ್ಲಿಟ್ಟು ಮತ್ತೆ ಇಟ್ಟೆ. ಬೆಚ್ಚಗಿತ್ತು. ನಾನು ಹತ್ತಿರ ಹೋದಾಗ ಒಂದು ಹಕ್ಕಿ ನೆಲಕ್ಕೆ ಬಿದ್ದು, ರೆಕ್ಕೆ ಮುರಿದವರ ಹಾಗೆ ಎಳೆದಾಡುತ್ತಾ ಕುಪ್ಪಳಿಸಿತು. ನಾನು ಅದು ಆಟ ಆಡಾಕತ್ತೈತಿ ಅಂತ ತಿಳಿದು ನಕ್ಕೆ.

ನಾಲ್ಕನೆಯ ದಿನ ಮುಂಜಾನೆ ನೋಡಿದರೆ ಗೂಡು ಒಂದು ಕಡೆ ವಾಲಿತ್ತು. ಮೊಟ್ಟೆ ಇರಲಿಲ್ಲ. ಕೆಳಗೆ ಒಂದು ಚೂರು ತೊಗಟೆ ಬಿದ್ದಿತ್ತು. ಪೇರಲ ಗಿಡದ ಮೇಲೆ ಕಾಗೆ ಕುಳಿತಿತ್ತು. ನಾನು ಕಲ್ಲು ತೊಗೊಂಡೆ. ಅಜ್ಜಿ ಕೈ ಹಿಡಿದಳು.

"ಕಾಗಿಗೆ ಯಾಕ ಹೊಡೀತಿ? ಅದಕ್ಕೇನ ಗೊತ್ತಿತ್ತು ಇಲ್ಲಿ ಗೂಡ ಐತಿ ಅಂತ? ದಿನಾ ನೀ ಬಂದು ತೋರಿಸಿದಿ, ಅದು ಮೇಲೆ ಕುಂತು ನೋಡ್ತು."

ಅವತ್ತು ನಾನು ಊಟ ಮಾಡಲಿಲ್ಲ. ಕಾಗೆ ಮೊಟ್ಟೆ ತಿಂದದ್ದು ಕಾಗೆಯ ಹಸಿವು. ದಾರಿ ತೋರಿಸಿದ್ದು ನನ್ನ ಕೈ.

ನಂತರ ಗುರುಗಳನ್ನು ಕೇಳಿದಾಗ ಎರಡು ವಿಷಯ ತಿಳಿದವು. ಒಂದು, ಆ ಹಕ್ಕಿ ರೆಕ್ಕೆ ಎಳೆದದ್ದು ಆಟವಲ್ಲ. ಗೂಡಿನ ಹತ್ತಿರ ವೈರಿ ಬಂದಾಗ ಕೆಲವು ಹಕ್ಕಿಗಳು ಗಾಯವಾದಂತೆ ನಟಿಸಿ, "ನನ್ನ ಹಿಂದೆ ಬಾ" ಎಂದು ವೈರಿಯನ್ನು ದೂರ ಕರೆದೊಯ್ಯುತ್ತವೆ. ಅಂದರೆ ಆ ಹೊತ್ತಿಗೆ ಅದರ ವೈರಿ ನಾನು. ಎರಡು, ಮನುಷ್ಯನ ಕೈ ವಾಸನೆ ಹತ್ತಿದರೆ ತಾಯಿ ಹಕ್ಕಿ ಗೂಡು ಬಿಡುತ್ತದೆ ಎಂದು ನಾವೆಲ್ಲ ಹೇಳುತ್ತೇವಲ್ಲ, ಅದು ಸರಿಯಲ್ಲ. ಬಹಳಷ್ಟು ಹಕ್ಕಿಗಳು ವಾಸನೆಗಿಂತ ಕಣ್ಣು ಕಿವಿಗಳನ್ನೇ ಹೆಚ್ಚು ನಂಬಿ ಬದುಕುತ್ತವೆ. ಅವು ಗೂಡು ಬಿಡುವುದು ಪದೇ ಪದೇ ಹೆದರಿಸಿದ್ದರಿಂದ. ಜೊತೆಗೆ ನಾವು ಎಲೆ ಸರಿಸಿದರೆ ಮರೆ ಹೋಗುತ್ತದೆ, ಮೊಟ್ಟೆ ಬಿಸಿಲಿಗೂ ಕಾಗೆಯ ಕಣ್ಣಿಗೂ ಬೀಳುತ್ತದೆ.

ಈ ಹಕ್ಕಿ ಯಾವುದು?

ಇದರ ಹೆಸರು ಪಿಕಳಾರ. ಬುಲ್‌ಬುಲ್ ಅಂತಲೂ ಕರೆಯುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆ ಕಾಣುತ್ತವೆ. ಒಂದರದ್ದು ತಲೆ ಕರಿ, ಬಾಲದ ಬುಡ ಕೆಂಪು. ಇನ್ನೊಂದು ಕೆಮ್ಮೀಸೆ ಪಿಕಳಾರ. ಅದಕ್ಕೆ ತಲೆಯ ಮೇಲೆ ಚೂಪಾದ ಜುಟ್ಟು, ಕೆನ್ನೆ ಬಿಳಿ, ಕಣ್ಣಿನ ಹಿಂದೆ ಕುಂಕುಮ ಹಚ್ಚಿದಂಥ ಕೆಂಪು ಗುರುತು. ನಮ್ಮ ಅಜ್ಜಿ ಅದನ್ನು "ಜುಟ್ಟಿನ ಹಕ್ಕಿ" ಅನ್ನುತ್ತಾಳೆ. ನಮ್ಮ ಹಿತ್ತಲದಲ್ಲಿ ಗೂಡು ಕಟ್ಟಿದ್ದು ಇದೇ.

ಗಂಡು ಹೆಣ್ಣು ನೋಡಲು ಒಂದೇ ಥರ ಇರುತ್ತವೆ. ಹಣ್ಣು, ಹೂವಿನ ರಸ, ಹುಳ ಎಲ್ಲಾ ತಿನ್ನುತ್ತವೆ. ಹಣ್ಣು ತಿಂದು ಬೀಜ ದೂರ ದೂರ ಹಾಕುವುದರಿಂದ ಗಿಡ ಹಚ್ಚುವ ಕೆಲಸವೂ ಅವುಗಳಿಂದ ಆಗುತ್ತದೆ. ಮರಿಗಳಿಗೆ ಮಾತ್ರ ಮೊದಮೊದಲು ಹೆಚ್ಚಾಗಿ ಹುಳ ತಿನ್ನಿಸುತ್ತವೆ.

ಚಳಿ ಇಳಿದು ಗಿಡಗಳು ಚಿಗುರುವಾಗ ಹುಳಗಳೂ ಹೆಚ್ಚುತ್ತವೆ. ಅದಕ್ಕೇ ಬಹಳ ಹಕ್ಕಿಗಳಿಗೆ ಇದು ಗೂಡಿನ ಕಾಲ. ನಮ್ಮೂರ ದಾರಿಯಲ್ಲೂ ನೀವು ನೋಡಿರಬಹುದು. ಮುತ್ತುಗದ ಗಿಡ ಎಲೆ ಉದುರಿಸಿ ಕೆಂಪಗೆ ಹೂ ಬಿಡುತ್ತದೆ, ಬೂರಲ ಮರದ ಹೂವಿಗೆ ಗೊರವಂಕಗಳು ಮುತ್ತುತ್ತವೆ, ಮಾವಿನ ಗಿಡದಾಗಿಂದ ಕೋಗಿಲೆ ಶುರು ಮಾಡುತ್ತದೆ. ಇದೇ ಹೊತ್ತಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲ ಕಳೆಯಲು ಬಂದ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಉತ್ತರಕ್ಕೆ ಹೊರಡುತ್ತವೆ. ಕೆಲವರು ಹೊರಡುತ್ತಾರೆ, ಕೆಲವರು ಸಂಸಾರ ಹೂಡುತ್ತಾರೆ.

ಕ್ಯಾಮೆರಾ ಇಟ್ಟ ಬಗೆ

2025ರ ಜನವರಿ 26. ಧ್ವಜಾರೋಹಣ ಮುಗಿಸಿ, ಅವ್ವನ ಜೊತೆ ಅಜ್ಜಿ ಮನೆಗೆ ಹೋಗಿದ್ದೆ. ಒಂದು ಜುಟ್ಟಿನ ಹಕ್ಕಿ ಬಾಯಲ್ಲಿ ನಾರು ಹಿಡಿದು ಮಲ್ಲಿಗೆ ಬಳ್ಳಿಯೊಳಗೆ ಹೋಯಿತು. ನಾನು ಎದ್ದವಳೇ ಮತ್ತೆ ಕುಳಿತೆ. ಅಜ್ಜಿ ನನ್ನ ಮುಖ ನೋಡಿ ಏನೂ ಅನ್ನಲಿಲ್ಲ.

ಮಾಮಾಗೆ ಹೇಳಿದೆ, "ನನಗ ನೋಡಬೇಕು, ಆದರ ಹತ್ರ ಹೋಗಬಾರದು." ಮಾಮಾ ವಿಚಾರ ಮಾಡಿದ. ಮನೆ ಬಾಗಿಲಿಗೆ ಹಚ್ಚಲು ತಂದ ಒಂದು ಸಣ್ಣ ಕ್ಯಾಮೆರಾ ಅವನ ಬಳಿ ಇತ್ತು. ಅದು ಮನೆಯ ವೈ-ಫೈಗೆ ಸೇರುತ್ತದೆ. ಅದರ ಚಿತ್ರವನ್ನು ಯಾವ ಊರಿನಿಂದ ಬೇಕಾದರೂ ಮೊಬೈಲಿನಲ್ಲಿ ನೋಡಬಹುದು.

ಗೂಡಿನ ಎದುರಿಗೇ ಉಗ್ರಾಣದ ಕಿಡಕಿ ಇತ್ತು. ನಡುವೆ ಸುಮಾರು ನಾಲ್ಕು ಮೊಳ. ನಾವು ಹಿತ್ತಲಕ್ಕೆ ಹೋಗಲೇ ಇಲ್ಲ. ಕಿಡಕಿಯ ಗಾಜಿಗೆ ಒಳಗಿನಿಂದ ಹಳೇ ಪೇಪರ್ ಅಂಟಿಸಿ, ಅದರಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಅದರ ಹಿಂದೆ ಕ್ಯಾಮೆರಾ ಇಟ್ಟೆವು. ಉಗ್ರಾಣದ ದೀಪ ತೆಗೆದುಬಿಟ್ಟೆವು. ಹಕ್ಕಿಗೆ ಕಂಡದ್ದು ದಿನಾ ಇರುವ ಅದೇ ಕಿಡಕಿ. ಅತ್ತಿ ಮಾತ್ರ, "ನಾ ಅಕ್ಕಿ ಬ್ಯಾಳಿ ಕತ್ತಲಾಗ ತಡಕಬೇಕೇನ?" ಎಂದು ಬೈದಳು. ಆದರೂ ಒಂದು ತಿಂಗಳು ತಡಕಿದಳು.

ಹಕ್ಕಿಯ ಚಿತ್ರ ತೆಗೆಯುವವರು ಹಿಂದಿನಿಂದಲೂ ಮರೆಯಲ್ಲಿ ಅಡಗಿ ಕುಳಿತು ಕಾಯುತ್ತಾರೆ. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರ ತೆಗೆದು ಕನ್ನಡದಲ್ಲಿ ಪುಸ್ತಕ ಬರೆದರು. ನಮ್ಮದು ಅಷ್ಟು ದೊಡ್ಡ ಕೆಲಸ ಅಲ್ಲ, ಪೇಪರಿನ ತೂತು ಅಷ್ಟೇ. ಆದರೆ ಉಪಾಯ ಅದೇ: ನಾವು ಕಾಣಬಾರದು, ಹಕ್ಕಿ ಕಾಣಬೇಕು.

ನನ್ನ ನೋಟ್‌ಬುಕ್ಕಿನಿಂದ

ದಿನಾ ಸಾಲಿಗೆ ಬರುವ ಮೊದಲು 15 ನಿಮಿಷ, ಸಂಜೆ 15 ನಿಮಿಷ ನೋಡಲು ಅಪ್ಪ ಒಪ್ಪಿದ. ನಮ್ಮೂರಲ್ಲಿ ನೆಟ್‌ವರ್ಕ್ ಮಾಳಿಗೆ ಮೇಲೆ ಮಾತ್ರ ಸರಿಯಾಗಿ ಸಿಗುತ್ತದೆ. ಆದ್ದರಿಂದ ನನ್ನ ಪ್ರಯೋಗಶಾಲೆ ಮಾಳಿಗೆ.

ಜನವರಿ 28 ರಿಂದ ಫೆಬ್ರವರಿ 2: ಗೂಡು ಕಟ್ಟುವ ಕೆಲಸ. ಸಣ್ಣ ಕಡ್ಡಿ, ಒಣಹುಲ್ಲು, ಬೇರು, ಒಂದು ತುಂಡು ಪ್ಲಾಸ್ಟಿಕ್ ಹಾಳೆ ಕೂಡ ತಂದವು. ಹಕ್ಕಿ ಒಳಗೆ ಕುಳಿತು ಎದೆಯಿಂದ ಒತ್ತಿ ಒತ್ತಿ ತಿರುಗುತ್ತದೆ. ಬಟ್ಟಲು ದುಂಡಗಾಗುವುದು ಹಾಗೆ. ಅದರ ಎದೆಯೇ ಅದರ ಅಳತೆಪಟ್ಟಿ.

ಫೆಬ್ರವರಿ 4, 5, 6: ದಿನಕ್ಕೊಂದರಂತೆ ಮೂರು ಮೊಟ್ಟೆ. ತಿಳಿ ಗುಲಾಬಿ ಬಣ್ಣ, ಮೇಲೆ ಕೆಂಪು ಕಂದು ಚುಕ್ಕೆ.

ಫೆಬ್ರವರಿ 6 ರಿಂದ: ಸರಿಯಾಗಿ ಕಾವು ಕೂಡುವುದು ಶುರು. ಎರಡೂ ಹಕ್ಕಿ ಪಾಳಿಯಲ್ಲಿ ಕೂಡುತ್ತವೆ. ಒಂದು ಬಂದು ಮೆಲ್ಲಗೆ ಕೂಗಿದರೆ ಇನ್ನೊಂದು ಎದ್ದು ಹೋಗುತ್ತದೆ. ಎದ್ದಾಗೊಮ್ಮೆ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತವೆ. ಯಾಕೆಂದರೆ ಎಲ್ಲಾ ಕಡೆ ಬಿಸಿ ಸಮನಾಗಿ ತಾಗಬೇಕು, ಒಳಗಿನ ಮರಿ ತೊಗಟೆಗೆ ಅಂಟಿಕೊಳ್ಳಬಾರದು. ರೊಟ್ಟಿ ಹೊರಳಿಸದಿದ್ದರೆ ಒಂದು ಕಡೆ ಸೀಯುತ್ತದಲ್ಲ, ಹಂಗ ಅಂತ ತಿಳಿಯಿರಿ.

ರಾತ್ರಿ ಕ್ಯಾಮೆರಾ ಕಪ್ಪು ಬಿಳುಪು ಚಿತ್ರ ತೋರಿಸುತ್ತಿತ್ತು. ಅದು ಬಿಡುವ ಬೆಳಕಿಗೆ ಅವಕೆಂಪು ಕಿರಣ ಎನ್ನುತ್ತಾರೆ. ಅದು ನಮ್ಮ ಕಣ್ಣಿಗೂ ಕಾಣುವುದಿಲ್ಲ, ಹಕ್ಕಿಯ ಕಣ್ಣಿಗೂ ಕಾಣುವುದಿಲ್ಲ. ಗಾಜಿಗೆ ಆ ಬೆಳಕು ತಾಗಿ ಚಿತ್ರ ಮಸುಕಾಗುತ್ತಿತ್ತು. ಮಾಮಾ ಕ್ಯಾಮೆರಾವನ್ನು ಗಾಜಿಗೆ ಪೂರ್ತಿ ಒತ್ತಿ ಇಟ್ಟ ಮೇಲೆ ಸರಿಹೋಯಿತು. ಒಂದು ಹಕ್ಕಿ ಕುತ್ತಿಗೆ ಒಳಗೆಳೆದು ಉಣ್ಣೆ ಉಂಡೆಯ ಹಾಗೆ ಮಲಗಿತ್ತು. ರೈಲು ಹೋದಾಗ ಒಮ್ಮೆ ಕಣ್ಣು ತೆರೆಯಿತು, ಮತ್ತೆ ಮುಚ್ಚಿತು. ಮಾಳಮಡ್ಡಿಯ ಹಕ್ಕಿಗೆ ರೈಲಿನ ಸಪ್ಪಳ ರೂಢಿ.

ಬೇರೆ ಗೂಡುಗಳ ವಿಷಯ

ಕಾವು ಕೂತ ದಿನಗಳಲ್ಲಿ ಗೂಡಿನಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ನನಗೆ ಬೇಸರವಾಗತೊಡಗಿತು. ಗುರುಗಳು, "ಹಕ್ಕಿಗೆ ಬ್ಯಾಸರಾಗಿಲ್ಲ, ನಿನಗ್ಯಾಕ? ಅಲ್ಲೀತನಕ ಉಳಿದವರು ಹೆಂಗ ನೋಡ್ತಾರ ತಿಳಕೋ" ಎಂದು ಕೆಲವು ವಿಷಯ ಹೇಳಿದರು, ಕೆಲವು ಓದಿಸಿದರು. ಅವನ್ನು ಇಲ್ಲಿ ಕೊಡುತ್ತೇನೆ.

ದೂರದ ವಸ್ತುವನ್ನು ಕಂಪ್ಯೂಟರಿನಲ್ಲಿ ನೋಡುವ ಇಂಥ ಕ್ಯಾಮೆರಾ ಮೊದಲು ನೋಡಿದ್ದು ಹಕ್ಕಿಯನ್ನಲ್ಲ, ಕಾಫಿ ಪಾತ್ರೆಯನ್ನು! 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ, ಕಾಫಿ ಇದೆಯೋ ಮುಗಿದಿದೆಯೋ ಎಂದು ತಮ್ಮ ಕೋಣೆಯಲ್ಲೇ ಕುಳಿತು ನೋಡಲು ಅಲ್ಲಿಯವರು ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟರು. ಎದ್ದು ಹೋಗಲು ಬೇಸರಪಟ್ಟವರಿಂದಲೂ ಒಳ್ಳೆಯ ಕೆಲಸ ಆಗುತ್ತದೆ ನೋಡ್ರಿ.

2011ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೆಕೋರಾ ಎಂಬ ಊರಿನ ಬಿಳಿತಲೆಯ ಹದ್ದುಗಳ ಗೂಡನ್ನು ಜನ ಕೋಟ್ಯಂತರ ಸಲ ನೋಡಿದರು. 2012ರಲ್ಲಿ ಅಲ್ಲಿಯ ಕಾರ್ನೆಲ್ ವಿಶ್ವವಿದ್ಯಾಲಯದ ಆಟದ ಮೈದಾನದ ದೀಪದ ಕಂಬದ ಮೇಲೆ ಕೆಂಪು ಬಾಲದ ಗಿಡುಗ ಕಟ್ಟಿದ ಗೂಡಿಗೂ ಕ್ಯಾಮೆರಾ ಇಟ್ಟರು. ಅಂಥ ಗೂಡುಗಳಲ್ಲಿ ಮರಿಗಳು ಬೆಳೆಯುವುದೂ ಕಾಣುತ್ತದೆ, ಕೆಲವು ಸಲ ಸಾಯುವುದೂ ಕಾಣುತ್ತದೆ. ನೋಡುವವರು "ಕಾಪಾಡಿರಿ" ಎಂದು ಬೇಡುತ್ತಾರೆ. ಆದರೆ ಕಾಡುಹಕ್ಕಿಯ ಬದುಕಿನಲ್ಲಿ ತಾನಾಗಿ ನಡೆಯುವುದಕ್ಕೆ ಸಾಮಾನ್ಯವಾಗಿ ಕೈ ಹಾಕುವುದಿಲ್ಲ ಎಂಬುದು ಅಲ್ಲಿಯ ಪದ್ಧತಿ. ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಎಂಥಾ ಕಲ್ಲು ಮನಸ್ಸಿನವರು ಅನ್ನಿಸಿತು.

ನಮ್ಮ ನಾಡಿನಲ್ಲೂ ಕ್ಯಾಮೆರಾ ಕಾಡಿನ ಕೆಲಸ ಮಾಡುತ್ತದೆ. ಹುಲಿಯ ಮೈಮೇಲಿನ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದರಂತೆ ಇನ್ನೊಂದಿಲ್ಲ. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ವಿಜ್ಞಾನಿ ಉಲ್ಲಾಸ ಕಾರಂತರು, ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಾಡಿನ ದಾರಿಯಲ್ಲಿಟ್ಟು, ಪಟ್ಟೆ ನೋಡಿ ಹುಲಿಗಳನ್ನು ಗುರುತಿಸಿದರು. 2018ರ ದೇಶದ ಹುಲಿ ಗಣತಿಯಲ್ಲಿ 26,838 ಕಡೆ ಇಂಥ ಕ್ಯಾಮೆರಾ ಇಟ್ಟಿದ್ದರು. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಹುಲಿಯನ್ನು ಹಿಡಿಯಬೇಕಿಲ್ಲ, ಮುಟ್ಟಬೇಕಿಲ್ಲ, ಎಣಿಸಬಹುದು.

ಧಾರವಾಡದಿಂದ ಸುಮಾರು 60 ಕಿ.ಮೀ. ದೂರದ ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿಗಳಿವೆ. ನಾಲ್ಕು ಜಾತಿಯವು ಅಲ್ಲಿ ಸಿಗುತ್ತವೆ. 2011ರಲ್ಲಿ ಅವುಗಳಿಗಾಗಿಯೇ ಒಂದು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಮಂಗಟ್ಟೆಯ ಗೂಡು ಹಳೇ ಮರದ ಪೊಟರೆ. ಹೆಣ್ಣು ಒಳಗೆ ಹೋಗಿ ತನ್ನ ಹಿಕ್ಕೆ, ಹಣ್ಣಿನ ತಿರುಳು, ಮಣ್ಣಿನಿಂದ ಬಾಗಿಲು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಡುತ್ತದೆ. ಒಳಗಿದ್ದಾಗ ಅದರ ರೆಕ್ಕೆಯ ಗರಿ ಉದುರಿ ಹೊಸದು ಬರುತ್ತದೆ. ಆಗ ಅದು ಹಾರಲಾರದು. ಗಂಡು ಆಲ, ಅತ್ತಿ ಮುಂತಾದ ಹಣ್ಣು ತಂದು ಆ ಸಂದಿನಿಂದ ಉಣ್ಣಿಸುತ್ತದೆ. ಮರದ ಕೆಳಗೆ ಜನ ಗದ್ದಲ ಮಾಡಿದರೆ ಗಂಡು ಹತ್ತಿರ ಬರಲು ಹೆದರುತ್ತದೆ. ಗಂಡು ಬರದಿದ್ದರೆ ಒಳಗಿನವರಿಗೆ ಊಟವಿಲ್ಲ. ನಾವು ಅಲ್ಲಿ ನಿಂತು ಚಪ್ಪಾಳೆ ತಟ್ಟಿದರೂ ಒಂದು ಸಂಸಾರ ಉಪವಾಸ ಬೀಳಬಹುದು.

ಕ್ಯಾಮೆರಾ ಇಲ್ಲದೆಯೂ ಗೂಡು ನೋಡುವ ಊರು ಒಂದಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ತಿಳಿಯುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಸಾರಿತು. ಇದನ್ನು ಓದಿ ಅಜ್ಜಿಗೆ ಹೇಳಿದೆ. ಅಜ್ಜಿ ಫೋನಿನಲ್ಲಿ, "ಹಂಗಾರ ನಮ್ಮ ಮಲ್ಲಿಗಿ ಬಳ್ಳ್ಯಾಗೂ ಒಬ್ಬಾಕಿ ಬಾಣಂತಿ ಅದಾಳ ಅನ್ನು" ಎಂದಳು. ಅಂದಿನಿಂದ ಅವಳು ಹಿತ್ತಲದಲ್ಲಿ ಪಾತ್ರೆ ಬಡಿಯುವುದನ್ನೂ ಬಿಟ್ಟಳು.

ಮರಿಗಳು ಬಂದವು

ಫೆಬ್ರವರಿ 18: ಎರಡು ಮರಿ ಹೊರಬಂದಿದ್ದವು. ಮೈಮೇಲೆ ಪುಕ್ಕ ಇಲ್ಲ, ಕಣ್ಣು ಮುಚ್ಚಿದೆ, ಬಾಯಿ ಮಾತ್ರ ದೊಡ್ಡದು. ಮೂರನೆಯ ಮೊಟ್ಟೆ ಒಡೆಯಲಿಲ್ಲ.

ಫೆಬ್ರವರಿ 23, ರವಿವಾರ: ಮುಂಜಾನೆ 7 ರಿಂದ 8ರ ವರೆಗೆ ಎಣಿಸಿದೆ. ತಂದೆ ತಾಯಿ ಸೇರಿ 11 ಸಲ ಹುಳ ತಂದವು. ಒಂದು ತಾಸಿಗೆ 11 ಆದರೆ, ದಿನಕ್ಕೆ 10 ತಾಸು ಹಿಡಿದರೂ 110 ಸಲ! ಮರಿ ಹಿಕ್ಕೆ ಹಾಕಿದರೆ ಅದು ತೆಳುವಾದ ಚೀಲದಲ್ಲಿ ಬರುತ್ತದೆ. ತಂದೆ ತಾಯಿ ಅದನ್ನು ಕೊಕ್ಕಿನಲ್ಲಿ ಹಿಡಿದು ದೂರ ಒಯ್ದು ಹಾಕುತ್ತವೆ. ಇದರಿಂದ ಗೂಡೂ ಸ್ವಚ್ಛ, ವೈರಿಗೆ ಗುರುತೂ ಸಿಗುವುದಿಲ್ಲ.

ಮಧ್ಯಾಹ್ನ ಬಿಸಿಲು ಬಳ್ಳಿಯ ಸಂದಿನಿಂದ ಬಿದ್ದಾಗ ಒಂದು ಹಕ್ಕಿ ಗೂಡಿನ ಅಂಚಿಗೆ ನಿಂತು ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡಿತು. ತಾನು ಮಾತ್ರ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಹೋದ ವರ್ಷ ನಾನು ಹರಿದ ಎಲೆಗಳು ನೆನಪಾದವು.

ಫೆಬ್ರವರಿ 27, ಗುರುವಾರ

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸರ್ ಸಿ. ವಿ. ರಾಮನ್ ಅವರು ತಮ್ಮ ಶೋಧವನ್ನು ಸಾರಿದ ದಿನ ಅದು. ಅಂದು ಮುಖ್ಯ ಗುರುಗಳ ಲ್ಯಾಪ್‌ಟಾಪಿನಲ್ಲಿ ಇಡೀ ಸಾಲಿಗೆ ಗೂಡು ತೋರಿಸುವುದೆಂದು ನಿಶ್ಚಯವಾಗಿತ್ತು. ಒಂದನೇ ತರಗತಿಯ ಹುಡುಗರಿಗೆ "ಎರಡು ಮರಿ ತೋರಿಸ್ತೀನಿ" ಅಂತ ನಾನೇ ಹೇಳಿಟ್ಟಿದ್ದೆ.

ಹಿಂದಿನ ದಿನ ಸಂಜೆ ಸಾಲಿ ಬಿಟ್ಟ ಮೇಲೆ ನನ್ನ ಗೆಳತಿಯನ್ನೂ ಕರಕೊಂಡು ಮಾಳಿಗೆ ಹತ್ತಿದೆ. ಮರಿಗಳಿಗೆ ಪುಕ್ಕ ಬಂದಿತ್ತು. ಇದ್ದಕ್ಕಿದ್ದಂತೆ ಎರಡೂ ಮೈ ಚಪ್ಪಟೆ ಮಾಡಿಕೊಂಡವು. ತಂದೆ ತಾಯಿ ಚೀರತೊಡಗಿದವು. ಬಳ್ಳಿ ಅಲುಗಿತು. ಕಂದು ರೆಕ್ಕೆ, ಕರಿ ಮೈ, ಕೆಂಪು ಕಣ್ಣು. ಕೆಂಬೂತ.

ನಮ್ಮ ಕಡೆ ಅದನ್ನು ರತ್ನಪಕ್ಷಿ ಅನ್ನುತ್ತಾರೆ. ಮುಂಜಾನೆ ಕಂಡರೆ ಒಳ್ಳೆಯದಾಗುತ್ತದೆ ಎಂದು ಅಜ್ಜಿ ಅದಕ್ಕೆ ಕೈ ಮುಗಿಯುತ್ತಾಳೆ.

ನಾನು ಮೊಬೈಲಿಗೇ "ಹುಶ್ ಹುಶ್" ಅಂದೆ. ಗೆಳತಿ, "ನಿಮ್ಮಜ್ಜಿಗೆ ಫೋನ್ ಹಚ್ಚು" ಎಂದು ಕೂಗಿದಳು. ಹಚ್ಚಿದರೆ ಗೂಡು ಕಾಣುವುದಿಲ್ಲ, ನೋಡಿದರೆ ಫೋನ್ ಹಚ್ಚಲಾಗುವುದಿಲ್ಲ. ಹಚ್ಚಿದೆ. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಅಜ್ಜಿ ಗುಡಿಗೆ ಹೋಗಿದ್ದಳಂತೆ, ಆಮೇಲೆ ತಿಳಿಯಿತು. ಮತ್ತೆ ಕ್ಯಾಮೆರಾ ತೆರೆದಾಗ ಗೂಡಿನಲ್ಲಿ ಒಂದೇ ಮರಿ ಇತ್ತು. ತಂದೆ ತಾಯಿ ಇನ್ನೂ ಚೀರುತ್ತಿದ್ದವು.

ಮಾಮಾ ಬಂದ ಮೇಲೆ ಫೋನಿನಲ್ಲಿ ಅತ್ತೆ. "ಉಳಿದ ಮರೀನ ಒಳಗ ತಂದು ಡಬ್ಬ್ಯಾಗ ಇಡು, ನಾ ಬಂದು ಸಾಕ್ತೀನಿ" ಎಂದೆ. ಮಾಮಾ ಸುಮ್ಮನಿದ್ದು ಆಮೇಲೆ ಹೇಳಿದ, "ತಾಸಿಗೆ 11 ಸಲ ಹುಳ ತರ್ತೀಯೇನು? ಹಾರೋದು ಕಲಸ್ತೀಯೇನು? ಅವರಪ್ಪ ಅವರವ್ವ ಇನ್ನೂ ಅಲ್ಲೇ ಅದಾರ ನೋಡು." ಕ್ಯಾಮೆರಾ ನೋಡಿದೆ. ಹೌದು, ಒಂದು ಹಕ್ಕಿ ಹುಳ ಹಿಡಿದುಕೊಂಡು ಗೂಡಿನ ಅಂಚಿಗೆ ಬಂದಿತ್ತು. ಉಳಿದ ಮರಿ ಬಾಯಿ ತೆರೆಯಿತು.

ಮರುದಿನ

ಮುಂಜಾನೆ ಗುರುಗಳಿಗೆ ನಡೆದದ್ದು ಹೇಳಿ, "ಸಣ್ಣ ಹುಡುಗರಿಗೆ ಏನ್ ಹೇಳಲಿರಿ? ಇನ್ನೊಂದು ಮರಿ ಹಾರಿ ಹೋತು ಅಂತ ಹೇಳಲೇನ್ರಿ?" ಎಂದು ಕೇಳಿದೆ. ಗುರುಗಳು, "ವಿಜ್ಞಾನ ದಿನಾ ಸುಳ್ಳು ಹೇಳ್ತೀಯೇನು?" ಎಂದರು. ಆದ್ದರಿಂದ ಇದ್ದದ್ದನ್ನೇ ಹೇಳಿದೆ. ಒಂದನೇ ತರಗತಿಯ ಒಬ್ಬ ಹುಡುಗ ಎದ್ದು, "ಕೆಂಬೂತಕ್ಕೂ ಮರಿ ಇರ್ತಾವೇನ್ರಿ?" ಎಂದ. ನಾನು ಅದನ್ನು ವಿಚಾರ ಮಾಡಿರಲೇ ಇಲ್ಲ. ಗುರುಗಳು, "ಇರ್ತಾವ. ಕೆಂಬೂತ ಹುಳ, ಹಲ್ಲಿ, ಸಣ್ಣ ಹಾವು, ಇಲಿಮರಿ, ಮೊಟ್ಟೆ ಎಲ್ಲಾ ತಿಂದು ಬದುಕುವ ಹಕ್ಕಿ. ತನ್ನ ಮರಿಗೂ ಅದನ್ನೇ ತಿನ್ನಸ್ತೈತಿ. ಪಿಕಳಾರ ಒಂದು ದಿನಕ್ಕ ನೂರು ಹುಳ ತಂತು ಅಂತ ನೀವು ಚಪ್ಪಾಳಿ ಹೊಡದ್ರಿ. ಆ ಹುಳಕ್ಕ ಯಾರೂ ಅಳಲಿಲ್ಲ" ಎಂದರು.

ನನಗೆ ಇನ್ನೂ ದುಃಖ ಇದೆ. ಅಜ್ಜಿ ಮನೆಯಲ್ಲಿದ್ದಿದ್ದರೆ ಕೆಂಬೂತವನ್ನು ಓಡಿಸುತ್ತಿದ್ದಳು, ಅದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ಎರಡು ವರ್ಷದ ದುಃಖ ಒಂದೇ ಅಲ್ಲ. ಹೋದ ವರ್ಷ ಮೊಟ್ಟೆ ಹೋದದ್ದರಲ್ಲಿ ನನ್ನ ಪಾಲಿತ್ತು. ಈ ವರ್ಷದ ದುಃಖದಲ್ಲಿ ನಾಚಿಕೆ ಇಲ್ಲ. ಅಮೆರಿಕದ ಕ್ಯಾಮೆರಾದವರ ಮೇಲಿನ ಸಿಟ್ಟೂ ಸ್ವಲ್ಪ ಇಳಿದಿದೆ. ಅವರೂ ಅತ್ತಿರಬಹುದು.

ಮಾರ್ಚ್ 2, ರವಿವಾರ: ನಾನು ಅಜ್ಜಿ ಮನೆಯಲ್ಲೇ ಇದ್ದೆ, ಆದರೂ ಹಿತ್ತಲಕ್ಕೆ ಹೋಗದೆ ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲೇ ನೋಡಿದೆ. ಅತ್ತಿ ನಕ್ಕಳು. 8 ಗಂಟೆ ಸುಮಾರಿಗೆ ಮರಿ ಗೂಡಿನ ಅಂಚಿಗೆ ಬಂತು. ಮೊಂಡ ಬಾಲ, ಸಣ್ಣ ಜುಟ್ಟು, ಕೆನ್ನೆಯ ಕೆಂಪು ಇನ್ನೂ ಬಂದಿರಲಿಲ್ಲ. ತಾಯಿಯೋ ತಂದೆಯೋ ಪೇರಲ ಗಿಡದಿಂದ ಹುಳ ತೋರಿಸಿ ಕರೆಯಿತು. ಮರಿ ಒಮ್ಮೆ ಹಿಂದೆ ಸರಿಯಿತು. ಮತ್ತೆ ಬಂತು. ಹಾರಿತು. ಕ್ಯಾಮೆರಾದಲ್ಲಿ ಬರೀ ಗೂಡು ಉಳಿಯಿತು, ಅದರಲ್ಲಿ ಒಡೆಯದ ಆ ಒಂದು ಮೊಟ್ಟೆ.

ಅದು ಪೇರಲ ಗಿಡ ಮುಟ್ಟಿತೋ ಇಲ್ಲವೋ ಎಂದು ಎಲ್ಲರೂ ಅಡಿಗೆ ಮನೆ ಕಿಡಕಿಗೆ ಓಡಿದೆವು. ಅಜ್ಜಿ ಮೊದಲು ಕಂಡಳು. "ಅಗಾ, ಅಲ್ಲಿ ಎಲಿ ಸಂದ್ಯಾಗ" ಎಂದಳು. ಮರಿ ಟೊಂಗೆ ಗಟ್ಟಿ ಹಿಡಿದುಕೊಂಡು ಕುಳಿತಿತ್ತು.

ಗೂಡು ನೋಡುವವರಿಗೆ ಸೂಚನೆಗಳು

1. ಗೂಡು ಕಂಡರೆ ಅಲ್ಲಿ ನಿಲ್ಲಬೇಡಿರಿ. ಮುಂದೆ ನಡೆದುಹೋಗಿ ದೂರದಿಂದ ನೋಡಿರಿ. ಹಕ್ಕಿ ಕೂಗತೊಡಗಿದರೆ ನೀವು ಬಹಳ ಹತ್ತಿರ ಇದ್ದೀರಿ ಎಂದು ಅರ್ಥ.
2. ಎಲೆ, ಟೊಂಗೆ ಸರಿಸಬೇಡಿರಿ. ಅದೇ ಗೂಡಿನ ಬಾಗಿಲು.
3. ಕಾಗೆ, ಬೆಕ್ಕು ನೋಡುತ್ತಿರುವಾಗ ಆ ಕಡೆ ಹೋಗಬೇಡಿರಿ.
4. ಮೊಬೈಲನ್ನು ಗೂಡಿನ ಮೇಲೆ ಹಿಡಿದು ಫೋಟೋ ತೆಗೆಯಬೇಡಿರಿ, ದೀಪ ಹಾಕಬೇಡಿರಿ. ಗೂಡಿನ ಜಾಗ ಎಲ್ಲರಿಗೂ ಸಾರಬೇಡಿರಿ.
5. ಪುಕ್ಕ ಬಂದ ಮರಿ ನೆಲದ ಮೇಲೆ ಕಂಡರೆ ಮನೆಗೆ ಒಯ್ಯಬೇಡಿರಿ. ಹಾರಲು ಕಲಿಯುತ್ತಿರಬಹುದು, ತಂದೆ ತಾಯಿ ಹತ್ತಿರವೇ ಇರುತ್ತವೆ. ಬೆಕ್ಕು ನಾಯಿ ಇದ್ದರೆ ಎತ್ತಿ ಹತ್ತಿರದ ಪೊದೆಯಲ್ಲಿ ಬಿಡಿರಿ.
6. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಬೇಟೆ" ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆ ಕೆಡಿಸುವುದು, ಗೂಡು ಕೆದಕುವುದೂ ಸೇರಿದೆ. ಬಂದೂಕು ಹಿಡಿದವನೊಬ್ಬನೇ ಬೇಟೆಗಾರನಲ್ಲ.

ಕ್ಯಾಮೆರಾ ಇಲ್ಲದವರು ಬೇಸರ ಮಾಡಿಕೊಳ್ಳಬೇಡಿರಿ. ಕಿಡಕಿಗೆ ಒಂದು ಹಳೇ ಪೇಪರ್, ಅದಕ್ಕೊಂದು ತೂತು, ಅದರ ಹಿಂದೆ ನಿಮ್ಮದೇ ಕಣ್ಣು. ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ.

ಉತ್ತರ ಬರೆಯಿರಿ

ಅ) ಹಕ್ಕಿ ಕಾವು ಕೂತಾಗ ಮೊಟ್ಟೆ ಹೊರಳಿಸುವುದು ಏಕೆ?
ಆ) ಮರಿಗಳ ಹಿಕ್ಕೆಯನ್ನು ದೂರ ಒಯ್ಯುವುದರಿಂದ ಆಗುವ ಎರಡು ಲಾಭ ಯಾವುವು?
ಇ) ಗಂಡು ಮಂಗಟ್ಟೆ ಗೂಡಿಗೆ ಬರದಿದ್ದರೆ ಏನಾಗುತ್ತದೆ?
ಈ) ನೀವು ಕೆಂಬೂತವನ್ನು ಓಡಿಸುತ್ತಿದ್ದಿರಾ? ಏಕೆ? (ಇದಕ್ಕೆ ಒಂದೇ ಸರಿ ಉತ್ತರ ಇಲ್ಲ ಎಂದು ಗುರುಗಳು ಹೇಳಿದ್ದಾರೆ.)

ಉತ್ತರಗಳನ್ನು ಚೀಟಿಯಲ್ಲಿ ಬರೆದು ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿರಿ. ನಿಮ್ಮ ಮನೆ ಹತ್ತಿರ ಗೂಡು ಇದ್ದರೆ ಯಾವ ಹಕ್ಕಿಯದು ಎಂದಷ್ಟೇ ಬರೆಯಿರಿ. ಎಲ್ಲಿದೆ ಎಂದು ಬರೆಯಬೇಡಿರಿ, ನನಗೂ ಹೇಳಬೇಡಿರಿ.

ಏಳನೇ ತರಗತಿಯ ವಿದ್ಯಾರ್ಥಿನಿ